ಮನೆಗೊಂದು ಲಗೇಜು ಗಾಡಿ ತರುವ ಮುನ್ನ

ನಿಮ್ಮ ಮನೆಯಲ್ಲಿ ಸ್ವಂತ ಕಸುಬಿದೆಯೇ? ರೇಷ್ಮೆ ನೂಲು ಬಿಚ್ಚುವುದೋ, ಬೊಂಬೆ ಕಡೆಯುವುದೋ, ಮಾವಿನ ತೋಟ ಗುತ್ತಿಗೆ ಹಿಡಿಯುವುದೋ, ಮದುವೆಗೆ ಶಾಮಿಯಾನ, ಪಾತ್ರೆ ಬಾಡಿಗೆ ಕೊಡುವುದೋ, ಏನೇ ಇರಲಿ. ಒಂದಲ್ಲ ಒಂದು ದಿನ ಮನೆಯ ಗಂಡಸರು ಊಟಕ್ಕೆ ಕೂತಾಗ "ಒಂದು ಗಾಡಿ ತೆಗೆದುಬಿಡೋಣ" ಎಂಬ ಮಾತು ಬಂದೇ ಬರುತ್ತದೆ. ಆಗ ಅನ್ನ ಬಡಿಸುತ್ತಾ ಸುಮ್ಮನಿದ್ದುಬಿಡಬೇಡಿ. ಎಷ್ಟು ಟನ್ನು, ಎಷ್ಟು ಮೈಲೇಜು ಎಂಬುದು ಗಂಡಸರ ವಿಷಯ ಎಂದುಕೊಳ್ಳಬೇಡಿ. ಸರಕಿಗೆಂದು ತಂದ ಗಾಡಿ ಬಾಗಿಲಿಗೆ ಬಂದು ನಿಂತ ವಾರದೊಳಗೇ ಮನೆಯವರ ಗಾಡಿಯೂ ಆಗಿಬಿಡುತ್ತದೆ. ಮಕ್ಕಳ ಶಾಲೆಗೆ ಅದೇ, ಅತ್ತೆಯ ಆಸ್ಪತ್ರೆಗೆ ಅದೇ, ತವರಿನ ಮದುವೆಗೂ ಅದೇ. ಆಗ ನೀವು ಎಲ್ಲಿ ಕೂರುತ್ತೀರಿ? ಗಾಡಿ ನೋಡಲು ಹೋದ ಯಾವ ಗಂಡಸೂ ಈ ಪ್ರಶ್ನೆಯನ್ನು ಮೊದಲು ಕೇಳುವುದಿಲ್ಲ.

ನಮ್ಮದು ರಾಮನಗರದಲ್ಲಿ ನೂಲು ಬಿಚ್ಚುವ ಮನೆ. ಹತ್ತು ಬೇಸಿನ್‌ನ ಚಿಕ್ಕ ಘಟಕ, ಮಾವನವರ ಕಾಲದಿಂದ ನಡೆದುಬಂದದ್ದು. ಮಾರುಕಟ್ಟೆಯಿಂದ ಗೂಡು ತರಲು ಬಹಳ ವರ್ಷ ಮೈದುನನ ಮೂರು ಚಕ್ರದ ಲಗೇಜ್ ಆಟೋ ಇತ್ತು. ಅದರ ಆಯುಸ್ಸು ಮುಗಿಯಿತು. ಮತ್ತೊಂದು ತರಬೇಕೆಂದಾಗ ಮನೆಯಲ್ಲಿ ಎಷ್ಟು ಜನವೋ ಅಷ್ಟು ಗಾಡಿ! ಮಾವನವರಿಗೆ ಟಾಟಾ ಏಸ್ ಸಾಕು. ಮೈದುನನಿಗೆ ಬೊಲೆರೊ ಪಿಕಪ್ಪೇ ಬೇಕು. ನಮ್ಮವರ ಕಣ್ಣು ಎರಡು ಸಾಲು ಸೀಟಿರುವ ಬೊಲೆರೊ ಕ್ಯಾಂಪರ್ ಮೇಲೆ. ಹನ್ನೆರಡು ವರ್ಷದ ನನ್ನ ಮಗನಿಗೆ ಮಾತ್ರ ಹೈಲಕ್ಸ್.

ಅವನ ಆಸೆ ಕೇಳಿ ಎಲ್ಲರೂ ನಕ್ಕರು. ಆದರೆ ಹುಡುಗ ದೂರದ್ದೇನೂ ಕೇಳಿರಲಿಲ್ಲ. ಪ್ರಪಂಚದ ಹಲವು ದೇಶಗಳಲ್ಲಿ ತೋಟದವರು, ಕಟ್ಟಡದವರು ದಿನನಿತ್ಯ ಓಡಿಸುವ ಟೊಯೋಟಾ ಹೈಲಕ್ಸ್ ಪಿಕಪ್ 2022ರಲ್ಲಿ ಭಾರತಕ್ಕೆ ಬಂತು. ಅದನ್ನು ಜೋಡಿಸುವುದು ನಮ್ಮ ಬಿಡದಿಯ ಕಾರ್ಖಾನೆಯಲ್ಲಿ. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ! ಅರಬ್ ದೇಶಗಳಲ್ಲಿ ದುಡಿದು ಬಂದವರನ್ನು ಕೇಳಿ ನೋಡಿ, ಅಲ್ಲಿ ಈ ಗಾಡಿ ಸಿಮೆಂಟು ಚೀಲವನ್ನೂ ಹೊರುತ್ತದೆ, ಮನೆಮಂದಿಯನ್ನೂ ಕರೆದೊಯ್ಯುತ್ತದೆ. ಇಲ್ಲಿ ಅದು ಬಿಡುಗಡೆಯಾದಾಗಿನ ಬೆಲೆ ಸುಮಾರು 34 ಲಕ್ಷ. ಆ ಹಣಕ್ಕೆ ಮೂರು ಬೊಲೆರೊ ಪಿಕಪ್ ಬರುತ್ತವೆ. ಹೀಗಾಗಿ ನಮ್ಮ ಜಿಲ್ಲೆಯಲ್ಲೇ ತಯಾರಾಗುವ ಪಿಕಪ್ ನಮ್ಮ ಗೂಡಿನ ಮಾರುಕಟ್ಟೆಯ ಮುಂದೆ ಕಾಣಸಿಗುವುದಿಲ್ಲ. ಅಂದಹಾಗೆ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ 2007ರಲ್ಲಿ ಆದ ಈ ಜಿಲ್ಲೆಗೆ 2025ರ ಮೇ ತಿಂಗಳಲ್ಲಿ ಸರಕಾರ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ನಮ್ಮ ಬಾಯಲ್ಲಿ ಇನ್ನೂ ರಾಮನಗರವೇ.

ಹಾಗಾದರೆ ಮಾರುಕಟ್ಟೆಯ ಮುಂದೆ ಕಾಣಸಿಗುವುದು ಯಾವುದು? ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಈ ರೇಷ್ಮೆಗೂಡು ಮಾರುಕಟ್ಟೆಯ ಬಾಗಿಲಲ್ಲಿ ಬೆಳಗ್ಗೆ ಒಮ್ಮೆ ನಿಂತು ನೋಡಿದರೆ ನಾಡಿನ ಸಣ್ಣ ಸರಕು ಗಾಡಿಗಳ ಸಂತೆಯೇ ಕಾಣುತ್ತದೆ. ಹೊರ ಜಿಲ್ಲೆಗಳಿಂದ ರೈತರು ಕೂಡಿಕೊಂಡು ತರುವ ಬೊಲೆರೊ ಪಿಕಪ್‌ಗಳು, ಗೂಡು ಒಯ್ಯಲು ಬಂದ ರೀಲರ್‌ಗಳ ಆಟೋಗಳು, ಟಾಟಾ ಏಸ್‌ಗಳು, ಮಧ್ಯೆ ಮಧ್ಯೆ ಅಶೋಕ್ ಲೇಲ್ಯಾಂಡ್ ದೋಸ್ತ್. ಟಾಟಾದವರು 1988ರಲ್ಲೇ ಟಾಟಾಮೊಬೈಲ್ ಎಂಬ ಪಿಕಪ್ ತಂದಿದ್ದರು. ಆದರೆ ನಮ್ಮಂಥ ಸಣ್ಣ ಕಸುಬಿನವರು ನಾಲ್ಕು ಚಕ್ರದ ಆಸೆ ಪಟ್ಟದ್ದು 2005ರಲ್ಲಿ ಟಾಟಾ ಏಸ್ ಬಂದ ಮೇಲೆ. ಎರಡೇ ಸಿಲಿಂಡರ್, 702 ಸಿಸಿ ಡೀಸೆಲ್ ಎಂಜಿನ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಭಾರ. ಲಾರಿ ನುಗ್ಗದ ಗಲ್ಲಿಗೆ ನುಗ್ಗುತ್ತದೆ, ಆಟೋದಂತೆ ಮಗುಚುವ ಭಯವಿಲ್ಲ. ಹಿಂದಿಯವರು ಇದಕ್ಕೆ 'ಛೋಟಾ ಹಾಥಿ' ಎಂದು ಹೆಸರಿಟ್ಟರು. ನಮ್ಮ ಬೀದಿಯ ಮಕ್ಕಳೂ ಹಾಗೇ ಕರೆಯುತ್ತಾರೆ.

ಗಾಡಿಯ ಅಂಗಡಿಯಲ್ಲಿ ಮೊದಲು ಹೇಳುವುದು ಭಾರ ಹೊರುವ ಲೆಕ್ಕ. ಏಸ್ 750 ಕೆಜಿ, ಮಾರುತಿಯವರ ಸೂಪರ್ ಕ್ಯಾರಿ 740 ಕೆಜಿ, ದೋಸ್ತ್ ಒಂದೂಕಾಲು ಟನ್, 2019ರಲ್ಲಿ ಬಂದ ಟಾಟಾ ಇಂಟ್ರಾದಲ್ಲಿ ಒಂದು ಟನ್ನಿನಿಂದ ಮೇಲಕ್ಕೆ ಬಗೆಬಗೆ, ಬೊಲೆರೊ ಪಿಕಪ್‌ನಲ್ಲಿ 1.3 ಟನ್, 1.7 ಟನ್, ಅದಕ್ಕೂ ಮೇಲೆ. ಕೇಳುತ್ತಾ ಹೋದರೆ ದೊಡ್ಡದೇ ಒಳ್ಳೆಯದೆನಿಸುತ್ತದೆ. ಆದರೆ ನಿಮ್ಮ ಸರಕು ಎಂಥದ್ದು ಎಂದು ಯಾರೂ ಕೇಳುವುದಿಲ್ಲ.

ರೇಷ್ಮೆಗೂಡು ಭಾರದ ಸರಕಲ್ಲ, ಜಾಗದ ಸರಕು. ಒಂದು ಕೆಜಿ ತೂಗಬೇಕಾದರೆ ಐನೂರು ಆರುನೂರು ಗೂಡು ಬೇಕು. ಗೂಡಿನೊಳಗೆ ಹುಳು ಇನ್ನೂ ಜೀವಂತ. ಮೂಟೆಯಲ್ಲಿ ಒತ್ತಿ ತುಂಬಿದರೆ ಶಾಖ ಏರಿ ಬೆವರುತ್ತದೆ, ಹುಳು ಜಜ್ಜಿದರೆ ಕಲೆ ಹತ್ತುತ್ತದೆ, ಅಂಥ ಗೂಡಿನಲ್ಲಿ ಎಳೆ ಕಡಿಯುತ್ತಲೇ ಇರುತ್ತದೆ. ಗಾಳಿಯಾಡುವಂತೆ ಸಡಿಲವಾಗಿ ತುಂಬಿ, ಒಂದರ ಮೇಲೊಂದು ಹೇರದೆ, ಬಿಸಿಲು ತಾಗದಂತೆ ಟಾರ್ಪಾಲಿನ ನೆರಳಿನಲ್ಲಿ ಬೇಗ ಮನೆಗೆ ತರಬೇಕು. ಒಂದು ಕೆಜಿ ನೂಲಿಗೆ ತಳಿಯನ್ನು ನೋಡಿಕೊಂಡು ಆರೂವರೆಯಿಂದ ಎಂಟು ಕೆಜಿ ಗೂಡು ಹೋಗುತ್ತದೆ. ನಮ್ಮ ಹತ್ತು ಬೇಸಿನ್‌ಗೆ ದಿನಕ್ಕೆ ಐವತ್ತು ಅರವತ್ತು ಕೆಜಿ ಸಾಕು. ಎರಡು ದಿನದ್ದು ಒಟ್ಟಿಗೆ ತಂದರೂ ಮನೆಯ ಇಬ್ಬರು ಗಂಡಸರ ತೂಕಕ್ಕಿಂತ ಹೆಚ್ಚಿಲ್ಲ! ಇದಕ್ಕೆ ಒಂದೂವರೆ ಟನ್ನಿನ ಗಾಡಿ ಏಕೆ? ನಮಗೆ ಬೇಕಾದದ್ದು ಉದ್ದಗಲದ ತಟ್ಟೆ, ಕುಲುಕದ ಓಟ. ಭಾರವೆಂದರೆ ಒಲೆಗೆ ಹಾಕುವ ಸೌದೆಯದು ಮಾತ್ರ. ಅದು ಹದಿನೈದು ದಿನಕ್ಕೊಮ್ಮೆ.

"ಭಾಬಿ, ನೀವು ಬರೀ ನಮ್ಮ ಗೂಡಿನ ಲೆಕ್ಕ ಹಾಕ್ತಾ ಇದ್ದೀರಿ, ಬಾಡಿಗೆಯ ಲೆಕ್ಕ ಯಾರು ಹಾಕೋರು?" ಎಂದ ಮೈದುನ. ಅವನ ಮಾತಿನಲ್ಲೂ ಹುರುಳಿತ್ತು. ಮಾಗಡಿಯ ಕಡೆಯ ಅವನ ಗೆಳೆಯನೊಬ್ಬ ಮಾವಿನ ಕಾಲದಲ್ಲಿ ಪಿಕಪ್ ಓಡಿಸಿಯೇ ಆರು ತಿಂಗಳ ಸಂಪಾದನೆ ಮಾಡುತ್ತಾನೆ. ಬಾದಾಮಿ, ರಸಪುರಿ, ಸೇಂದೂರ, ಕೊನೆಗೆ ತೋತಾಪುರಿ ಎಂದು ಏಪ್ರಿಲ್‌ನಿಂದ ಸಾಲಾಗಿ ಬರುವ ಹಣ್ಣು. ಪ್ಲಾಸ್ಟಿಕ್ ಕ್ರೇಟಿಗೆ ಇಪ್ಪತ್ತು ಕೆಜಿ ಹಿಡಿದರೆ ಐವತ್ತು ಕ್ರೇಟಿಗೆ ಒಂದು ಟನ್. ತೋಟದ ಮಣ್ಣಿನ ದಾರಿ, ದಿಣ್ಣೆ, ಆಮೇಲೆ ಬೆಂಗಳೂರಿಗೆ ಐವತ್ತು ಕಿಲೋಮೀಟರ್. ಅಲ್ಲಿ ಏಸ್ ಏದುಸಿರು ಬಿಡುತ್ತದೆ. ಎರಡೂವರೆ ಲೀಟರ್ ಎಂಜಿನ್ನಿನ ಬೊಲೆರೊ ಪಿಕಪ್ಪಿಗೆ ಅದು ಆಟ. ಮಾವಿನವರಿಗೆ ನಾನು ಬೇರೆ ಗಾಡಿ ಹೇಳುವುದೇ ಇಲ್ಲ. ಆದರೆ ಮಾವಿನ ಕಾಲ ವರ್ಷದಲ್ಲಿ ಮೂರು ತಿಂಗಳು. ಉಳಿದ ಒಂಬತ್ತು ತಿಂಗಳು ಆ ಗಾಡಿ ಖಾಲಿ ಓಡಬೇಕು. ಭಾರಕ್ಕೆಂದು ಮಾಡಿದ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಖಾಲಿ ಇದ್ದಾಗ ಬಗ್ಗುವುದಿಲ್ಲ. ಯಾವ ಕಂಪೆನಿಯ ಸರಕು ಗಾಡಿಯೇ ಆಗಲಿ, ಖಾಲಿಯಿದ್ದಾಗ ಹಂಪ್ ಮೇಲೆ ಎತ್ತಿ ಎಸೆಯುತ್ತದೆ. ಮಂಡಿನೋವು, ಬೆನ್ನುನೋವು ಇರುವ ನನ್ನ ಅತ್ತೆಯಂಥವರು ಅದರಲ್ಲಿ ಕೂತು ಬೆಂಗಳೂರಿನ ಆಸ್ಪತ್ರೆಗೆ ಹೋಗಿಬಂದರೆ ಹೊಸ ನೋವಿಗೆ ಮತ್ತೆ ಆಸ್ಪತ್ರೆಗೆ ಹೋಗಬೇಕಾದೀತು.

ಚನ್ನಪಟ್ಟಣದಲ್ಲಿ ನನ್ನ ಅಕ್ಕನ ಮನೆ. ಅವರದು ಬೊಂಬೆಯ ಕಸುಬು. ಆಲೆಮರದ ದಿಮ್ಮಿ ಬರುವಾಗ ಭಾರ, ಅರಗಿನ ಬಣ್ಣ ಹಚ್ಚಿದ ಬೊಂಬೆ ರಟ್ಟಿನ ಡಬ್ಬದಲ್ಲಿ ಹೊರಡುವಾಗ ಹತ್ತಿಯಂತೆ ಹಗುರ. ಅವರು ಸೂಪರ್ ಕ್ಯಾರಿ ಇಟ್ಟುಕೊಂಡಿದ್ದಾರೆ. ಪೆಟ್ರೋಲ್ ಗಾಡಿ, ಸದ್ದು ಕಡಿಮೆ, ಅದುರುವುದು ಕಡಿಮೆ. ಬೊಂಬೆಯ ಬಣ್ಣ ಉಜ್ಜಿಹೋಗಬಾರದಲ್ಲ! ಭಾವ ಕರೆಂಟಿನ ಗಾಡಿಯನ್ನೂ ವಿಚಾರಿಸಿದ್ದರು. 2022ರಲ್ಲಿ ಬಂದ ಏಸ್ ಇವಿಗೆ ಕಂಪೆನಿ ಹೇಳುವ ದೂರ ಒಂದು ಚಾರ್ಜಿಗೆ 154 ಕಿಲೋಮೀಟರ್. ಚನ್ನಪಟ್ಟಣದಿಂದ ಬೆಂಗಳೂರಿಗೆ ಹೋಗಿಬರಲು ಸುಮಾರು 120. ಕಾಗದದ ಮೇಲೆ ಸಾಕು. ಆದರೆ ಬೆಂಗಳೂರು ತಲುಪಿದ ಮೇಲೆ ಅಂಗಡಿಯಿಂದ ಅಂಗಡಿಗೆ ಸುತ್ತುವುದಿದೆ, ಟ್ರಾಫಿಕ್ ಇದೆ, ಕಂಪೆನಿ ಹೇಳಿದ ಲೆಕ್ಕ ರಸ್ತೆಯಲ್ಲಿ ಪೂರ್ತಿ ಸಿಗುವುದಿಲ್ಲ. ಊರೊಳಗೆ ಸುತ್ತುವವರಿಗೆ ಅದು ಒಳ್ಳೆಯ ಗಾಡಿಯೇ. ದಿನಾ ಬೆಂಗಳೂರಿಗೆ ಹೋಗುವವರು ಮಧ್ಯೆ ಚಾರ್ಜಿಗೆ ನಿಲ್ಲುವ ಜಾಗವನ್ನು ಮೊದಲೇ ನೋಡಿಕೊಳ್ಳಬೇಕು.

ಆಟೋ ಮುಗಿದಾಗ ಮತ್ತೊಂದು ಆಟೋವನ್ನೇ ಏಕೆ ತರಲಿಲ್ಲ ಎಂದು ನೀವು ಕೇಳಬಹುದು. ಊರೊಳಗಿನ ಓಡಾಟಕ್ಕೆ ಈಗಲೂ ಅದಕ್ಕಿಂತ ಅಗ್ಗದ್ದಿಲ್ಲ. ಆದರೆ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ನಿಲ್ಲಿಸಿದರು. ವೇಗದ ಗಾಡಿಗಳ ನಡುವೆ ನಿಧಾನದ ಗಾಡಿಗಳು ಸಿಕ್ಕಿ ಅಪಘಾತವಾಗುತ್ತಿತ್ತು, ನಿಲ್ಲಿಸಿದ್ದು ಸರಿಯೇ. ಮೂರು ಚಕ್ರದವರಿಗೆ ಉಳಿದದ್ದು ಪಕ್ಕದ ಸರ್ವೀಸ್ ರಸ್ತೆ. ನಾಲ್ಕು ಚಕ್ರವಿದ್ದರೆ ಮುಖ್ಯ ರಸ್ತೆ ಸಿಗುತ್ತದೆ, ಜೊತೆಗೆ ಟೋಲ್ ಕೂಡ. ಇಲ್ಲೊಂದು ಮಾತು ನೆನಪಿಡಿ. ಫಾಸ್ಟ್ಯಾಗ್ ಪಟ್ಟಿಯಲ್ಲಿ ಟಾಟಾ ಏಸ್‌ನಂಥ ಮಿನಿ ಗಾಡಿಗಳಿಗೆ ಪ್ರತ್ಯೇಕ ವರ್ಗವಿದೆ, ದೊಡ್ಡ ಸರಕು ಗಾಡಿಗಳದ್ದು ಬೇರೆ. ಗಾಡಿ ಕೊಳ್ಳುವಾಗಲೇ ಯಾವ ವರ್ಗದ ಟ್ಯಾಗ್ ಅಂಟಿಸಿದ್ದಾರೆಂದು ನೋಡಿಕೊಳ್ಳಿ. ದಿನಾ ಟೋಲ್ ದಾಟುವವರಿಗೆ ವರ್ಷದ ಕೊನೆಗೆ ಅದು ದೊಡ್ಡ ಮೊತ್ತ.

ಈಗ ಕನಕಪುರದ ಮಾತಿಗೆ ಬರುತ್ತೇನೆ. ಅದು ನನ್ನ ತವರು. ಈ ಲೇಖನ ಬರೆಯುವ ಮನಸ್ಸಾದದ್ದೂ ಅಲ್ಲಿ ಕಂಡದ್ದರಿಂದ.

ತವರಿನಲ್ಲಿ ಅಣ್ಣನದು ಬೊಲೆರೊ ಪಿಕಪ್. ಸಾತನೂರು, ಸಂಗಮದ ಕಡೆಯ ಇಳಿಜಾರು ತಿರುವುಗಳಲ್ಲಿ ಬಾಳೆಗೊನೆ, ಹಿಪ್ಪುನೇರಳೆ ಸೊಪ್ಪು, ಮನೆ ಕಟ್ಟುವವರ ಸಿಮೆಂಟು ಎಲ್ಲ ಹೊರುತ್ತದೆ. ಗಟ್ಟಿ ಗಾಡಿ, ನನ್ನದೇನೂ ತಕರಾರಿಲ್ಲ. ಎರಡು ವರ್ಷದ ಹಿಂದೆ ನಮ್ಮ ಚಿಕ್ಕಪ್ಪನ ಮಗಳ ನಿಕಾಹ್. ಗಂಡಿನ ಮನೆ ಇಪ್ಪತ್ತು ಕಿಲೋಮೀಟರ್ ದೂರದ ಹಳ್ಳಿ. ಗಂಡಸರು ಬೈಕುಗಳಲ್ಲಿ, ಹಿರಿಯರು ಒಂದು ಕಾರಿನಲ್ಲಿ. ಹೆಂಗಸರು ಮಕ್ಕಳಿಗೆ? ಪಿಕಪ್ಪಿನ ಹಿಂದೆ ಜಮಖಾನ ಹಾಸಿದರು. ಹತ್ತೊಂಬತ್ತು ಜನ, ಅದರಲ್ಲಿ ಏಳು ಮಕ್ಕಳು, ಒಬ್ಬಳು ಆರು ತಿಂಗಳ ಬಸುರಿ. ಕಬ್ಬಿಣದ ಅಂಚು ಹಿಡಿದುಕೊಂಡು ಕೂರಬೇಕು. ತಿರುವಿನಲ್ಲಿ ಎಲ್ಲರೂ ಒಂದೇ ಕಡೆಗೆ ವಾಲುತ್ತಾರೆ, ಬ್ರೇಕ್ ಹಾಕಿದರೆ ಎಲ್ಲರೂ ಮುಂದಕ್ಕೆ. ನಾನು ಹತ್ತಲಿಲ್ಲ, ಮಕ್ಕಳನ್ನೂ ಹತ್ತಿಸಲಿಲ್ಲ. "ಪಟ್ಟಣದ ಸೊಸೆಯಾದ ಮೇಲೆ ಇವಳಿಗೆ ನಮ್ಮ ಗಾಡಿ ಹಿಡಿಸೋದಿಲ್ಲ" ಎಂದು ಚಿಕ್ಕಮ್ಮ ಮುಖ ತಿರುಗಿಸಿದರು. ಬಸ್ಸಿಗೆ ಕಾದು ತಡವಾಗಿ ತಲುಪಿದೆವು. ಆ ದಿನ ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ ಕಾರಣಕ್ಕೇ ಮುಂದಿನ ಮದುವೆಗೂ ಅದೇ ಜಮಖಾನ ಹಾಸಿದರು.

ಏನಾದರೂ ಆದರೆ ಏನಾಗುತ್ತದೆ ಎಂಬುದನ್ನು ಮಾತ್ರ ಎಲ್ಲ ಮನೆಯವರೂ ತಿಳಿದಿರಬೇಕು. ಸರಕು ಗಾಡಿಯ ಇನ್ಶೂರೆನ್ಸ್ ಮುಖ್ಯವಾಗಿ ರಸ್ತೆಯಲ್ಲಿ ಹೋಗುವವರಿಗೆ. ಕಾನೂನಿಗೆ 1994ರಲ್ಲಿ ಮಾಡಿದ ತಿದ್ದುಪಡಿಯಂತೆ ಸರಕಿನ ಜೊತೆ ಬರುವ ಸರಕಿನ ಮಾಲೀಕನಿಗೆ ಅಥವಾ ಅವನ ಪ್ರತಿನಿಧಿಗೆ ರಕ್ಷಣೆಯುಂಟು. ಹಿಂದೆ ಹತ್ತಿಸಿಕೊಂಡ ನೆಂಟರಿಗೆ ಇಲ್ಲ. 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿತು. ಸರಕು ಗಾಡಿಯಲ್ಲಿ ಪುಕ್ಕಟೆಯಾಗಿ ಪ್ರಯಾಣ ಮಾಡಿದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪೆನಿಯದ್ದಲ್ಲ ಎಂದು. ಅಂದರೆ ಗಾಡಿ ಮಗುಚಿದರೆ ಹೋದವರ ಮನೆಯವರಿಗೆ ಕಂಪೆನಿಯಿಂದ ಪರಿಹಾರವಿಲ್ಲ, ಗಾಡಿಯ ಮಾಲೀಕನೇ ಕೊಡಬೇಕು. ಆ ಮಾಲೀಕ ಯಾರು? ನಿಮ್ಮ ಅಣ್ಣ, ನಿಮ್ಮ ಮೈದುನ. ಕಳೆದುಕೊಂಡವರೂ ನೆಂಟರು, ಕೊಡಬೇಕಾದವರೂ ನೆಂಟರು. ಅಣ್ಣನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. "ಹಾಗಾದ್ರೆ ತೋಟಕ್ಕೆ ಕೂಲಿಯವರನ್ನ ಹೇಗೆ ಕರ್ಕೊಂಡು ಹೋಗೋದು?" ಎಂದು ಕೇಳಿದ. ಆ ಹೆಂಗಸರೂ ಯಾರದೋ ಮನೆಯ ತಾಯಂದಿರೇ ಅಲ್ಲವೇ ಎಂದೆ. ಈಗ ಎರಡು ಸಲ ಆಟೋ ಕಳಿಸುತ್ತಾನಂತೆ. ಯಾವಾಗಲೂ ಕಳಿಸುತ್ತಾನೋ ಇಲ್ಲವೋ, ನಾನು ನೋಡಿಲ್ಲ.

ಇದೇ ಕಾರಣಕ್ಕೆ ನಮ್ಮವರ ಕ್ಯಾಂಪರ್ ಆಸೆ ನನಗೆ ಮೊದಲು ಬಹಳ ಹಿಡಿಸಿತ್ತು. ಅದರಲ್ಲಿ ಚಾಲಕ ಸೇರಿ ಐವರು ಒಳಗೆ ಸರಿಯಾದ ಸೀಟಿನಲ್ಲಿ ಕೂರಬಹುದು, ಹಿಂದೆ ಒಂದು ಟನ್ ಹೇರಬಹುದು. ಕರೆಂಟು ಕಂಬದ ಕೆಲಸದವರು, ಕಲ್ಲುಕ್ವಾರಿಯ ಎಂಜಿನಿಯರುಗಳು ಇದನ್ನೇ ಇಟ್ಟುಕೊಳ್ಳುವುದು. ಹೊರದೇಶದವರ ಪಿಕಪ್ಪಿಗೆ ನಮ್ಮಲ್ಲಿ ಹತ್ತಿರದ ನೆಂಟ ಇದೇ. ಆದರೆ ಎರಡನೇ ಸಾಲಿನ ಸೀಟು ಎಲ್ಲಿಂದ ಬಂತು? ಹಿಂದಿನ ತಟ್ಟೆಯನ್ನು ಕತ್ತರಿಸಿ ತಾನೇ! ನಾನು ಅಳತೆಯ ಟೇಪು ಒಯ್ದಿದ್ದೆ. ಅಂಗಡಿಯ ಹುಡುಗ ನಕ್ಕ. ಗೂಡಿನ ಕ್ರೇಟುಗಳನ್ನು ಒಂದೇ ಪದರದಲ್ಲಿ ಇಟ್ಟರೆ ಸಾಮಾನ್ಯ ಪಿಕಪ್ಪಿನಲ್ಲಿ ಹಿಡಿಸುವುದರ ಅರ್ಧದಷ್ಟೂ ಅದರಲ್ಲಿ ಹಿಡಿಸಲಿಲ್ಲ. ಒಂದು ಟನ್ ಹೊರುವ ಶಕ್ತಿಯಿದೆ, ಅರವತ್ತು ಕೆಜಿ ಗೂಡಿಗೆ ಜಾಗವಿಲ್ಲ! ನಮ್ಮ ಅನ್ನ ಬರುವುದು ಆ ತಟ್ಟೆಯಿಂದ. ಅದನ್ನು ಕತ್ತರಿಸಿ ಸೀಟು ಮಾಡಿಕೊಂಡರೆ ದಿನಾ ಎರಡು ಸಲ ಮಾರುಕಟ್ಟೆಗೆ ಓಡಬೇಕು. ಇನ್ನೊಂದು ಮಾತು, ಇದು ಹಳದಿ ಬೋರ್ಡಿನ ಗಾಡಿ. ಮನೆಯವರು ಕೂತರೂ ಕಾಗದದಲ್ಲಿ ಸರಕು ಗಾಡಿಯೇ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಲೇಬೇಕು.

ಕಾನೂನಿನ ಮಾತು ಬಂದದ್ದಕ್ಕೆ ಇನ್ನೆರಡು ವಿಷಯ. ಸರಕು ತುಂಬಿದಾಗಿನ ಒಟ್ಟು ತೂಕ ಮೂರು ಟನ್ ಮೀರದ ಗಾಡಿಗೆ ಮೋಟಾರು ವಾಹನ ಕಾಯಿದೆಯ 66ನೇ ಸೆಕ್ಷನ್ನಿನಲ್ಲಿ ಪರ್ಮಿಟ್‌ನಿಂದ ವಿನಾಯಿತಿ ಇದೆ. ಪಿಕಪ್ಪುಗಳಲ್ಲಿ ಕೆಲವು ಬಗೆ ಈ ಗೆರೆಯ ಒಳಗೆ, ಕೆಲವು ಹೊರಗೆ. ಅರ್ಧ ಟನ್ ಹೆಚ್ಚು ಹೊರುವ ಆಸೆಗೆ ಆ ಗೆರೆ ದಾಟುವ ಮುನ್ನ ಆರ್‌ಸಿಯಲ್ಲಿ ಬರೆಯುವ ತೂಕ ಎಷ್ಟೆಂದು ಕೇಳಿಕೊಳ್ಳಿ. ಹಾಗೆಂದು ಚಿಕ್ಕ ಗಾಡಿಗೆ ದೊಡ್ಡ ಭಾರ ಹೇರಿದರೆ, 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000.

ಎರಡನೆಯದು ನಮ್ಮ ಹೆಂಗಸರಿಗೆ ಸಿಹಿಸುದ್ದಿ. ಕಾರು ಓಡಿಸುವ ಲೈಸೆನ್ಸ್ ಇದ್ದವರು ಹಳದಿ ಬೋರ್ಡಿನ ಸಣ್ಣ ಸರಕು ಗಾಡಿ ಓಡಿಸಬಹುದೇ ಎಂಬ ವ್ಯಾಜ್ಯ ಬಹಳ ವರ್ಷ ನಡೆಯಿತು. 2017ರಲ್ಲಿ ಸುಪ್ರೀಂ ಕೋರ್ಟು ಓಡಿಸಬಹುದು ಎಂದಿತು. ವಿಮಾ ಕಂಪೆನಿಗಳು ಒಪ್ಪದೆ ಮತ್ತೆ ಹೋದವು. 2024ರ ನವೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠ ಅದನ್ನೇ ಖಚಿತ ಮಾಡಿತು. ಒಟ್ಟು ತೂಕ 7,500 ಕೆಜಿಗಿಂತ ಕಡಿಮೆಯಿರುವ ಸಾರಿಗೆ ಗಾಡಿಗೆ ಲಘು ವಾಹನದ ಲೈಸೆನ್ಸೇ ಸಾಕು. ಮದುವೆಗೆ ಮುಂಚೆಯೇ ಅಬ್ಬಾ ನನಗೆ ಕಾರಿನ ಲೈಸೆನ್ಸ್ ಮಾಡಿಸಿದ್ದರು. ಹಾಗಾಗಿ ನೋಡಲು ಹೋದ ಗಾಡಿಗಳನ್ನೆಲ್ಲ ನಾನೂ ಓಡಿಸಿ ನೋಡಿದೆ. ಶೋರೂಮಿನ ಅಗಲ ರಸ್ತೆಯಲ್ಲಲ್ಲ, ನಮ್ಮ ಗಲ್ಲಿಯಲ್ಲೇ, ಹಿಮ್ಮುಖವಾಗಿ. ಮುಂದೆ ಬಾನೆಟ್ ಇರುವ ಉದ್ದನೆಯ ಪಿಕಪ್ಪು ನಮ್ಮ ತಿರುವಿನಲ್ಲಿ ಮೂರು ಸಲ ಹಿಂದೆ ಮುಂದೆ ಆಡಿದ ಮೇಲೆ ತಿರುಗಿತು. ಮೂತಿಯಿಲ್ಲದ ಸಣ್ಣ ಗಾಡಿ ಒಂದೇ ಸಲಕ್ಕೆ ತಿರುಗಿತು. ಆದರೆ ಅಂಥವುಗಳಲ್ಲಿ ಎಂಜಿನ್ ಸೀಟಿನ ಕೆಳಗೇ ಇರುತ್ತದೆ, ಬೇಸಿಗೆಯಲ್ಲಿ ಶಾಖ ತೊಡೆಗೆ ತಾಗುತ್ತದೆ. ಹತ್ತು ನಿಮಿಷದ ಓಟಕ್ಕೆ ತೊಂದರೆಯಿಲ್ಲ, ಬೆಂಗಳೂರಿನವರೆಗೆ ಕಷ್ಟ. ಕೊಳ್ಳುವ ಗಾಡಿಯನ್ನು ನಿಮ್ಮ ಮನೆಯ ಗಲ್ಲಿಗೆ ತರಿಸಿಯೇ ನೋಡಿ. ತರುವುದಿಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ.

ದುಡ್ಡಿನ ಮಾತು ಕೊನೆಗೆ. ಮೈದುನ ಮೆಚ್ಚಿದ್ದ ಪಿಕಪ್ಪಿಗೆ ಎಂಟು ಲಕ್ಷ ಸಾಲ ಕೊಡಿಸುತ್ತೇವೆ, ಐದು ವರ್ಷ, ತಿಂಗಳಿಗೆ 17,200 ಅಷ್ಟೇ ಎಂದ ಒಂದು ಶೋರೂಮಿನ ಹುಡುಗ. ಆ 'ಅಷ್ಟೇ'ಯನ್ನು ಅರವತ್ತರಿಂದ ಗುಣಿಸಿದರೆ 10,32,000. ಮಾವನವರು ಬಡ್ಡಿಯ ಸಾಲಕ್ಕೆ ಮೊದಲೇ ಒಪ್ಪುವವರಲ್ಲ. "ಗೂಡಿನ ಬೆಲೆ ಇವತ್ತಿದ್ದಂಗೆ ನಾಳೆ ಇರಲ್ಲ, ಕಂತು ಮಾತ್ರ ತಿಂಗಳು ತಿಂಗಳೂ ಇದ್ದಂಗೇ ಇರುತ್ತೆ" ಎಂದರು. ಬಡ್ಡಿಯ ಪ್ರಶ್ನೆ ಇಲ್ಲದವರೂ ಕೇಳಬೇಕಾದ ಮಾತು ಅದು. ಹೊಸ ಗಾಡಿಯನ್ನೇ ಕೊಳ್ಳುವವರಿಗೆ ಒಂದು ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹಳೆಯ ಬೆಲೆಪಟ್ಟಿ ತೋರಿಸುವವರನ್ನು ನಂಬಬೇಡಿ.

ತೀರ್ಮಾನಕ್ಕೆ ಮುಂಚೆ ನಾನು ಮೂರು ತಿಂಗಳು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟೆ. ಯಾವ ದಿನ ಏನು ಸರಕು, ಎಷ್ಟು ಭಾರ, ಎಷ್ಟು ದೂರ, ಮನೆಯವರು ಎಷ್ಟು ಜನ ಎಲ್ಲಿಗೆ. ತೊಂಬತ್ತು ದಿನಗಳಲ್ಲಿ 750 ಕೆಜಿ ದಾಟಿದ್ದು ನಾಲ್ಕೇ ದಿನ. ಅತ್ತೆಯ ಆಸ್ಪತ್ರೆಗೆ ಒಂಬತ್ತು ಸಲ. ಒಂದು ಗಾಡಿ ಎರಡೂ ಕೆಲಸಕ್ಕೆ ಎಂದುಕೊಂಡರೆ ಎರಡಕ್ಕೂ ಅರೆಬರೆ ಎಂದು ಪುಸ್ತಕವೇ ಹೇಳುತ್ತಿತ್ತು. ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಹೋಗಿಬರಲು 2,500 ಎಂದಿಟ್ಟುಕೊಳ್ಳಿ, ತಿಂಗಳಿಗೆ ಮೂರು ಸಲಕ್ಕೆ 7,500. ಕಂತಿನ ಅರ್ಧವೂ ಆಗಲಿಲ್ಲ. ಅತ್ತೆ ಕಾಲು ಚಾಚಿ ಕೂತು ಹೋಗಿಬರುತ್ತಾರೆ.

ಕೊನೆಗೆ ಕೈಯಲ್ಲಿದ್ದ ಹಣಕ್ಕೆ ಸಿಗುವಂಥ, ಐದು ವರ್ಷ ಓಡಿದ ಟಾಟಾ ಏಸ್ ತಂದೆವು. ಮೆಕ್ಯಾನಿಕ್ಕಿನ ಜೊತೆ ಹೋಗಿ ಚಾಸಿಯ ತುಕ್ಕು, ಎಫ್‌ಸಿಯ ತಾರೀಕು, ಬಾಕಿ ದಂಡ, ಬ್ಯಾಂಕಿನವರ ಎನ್‌ಒಸಿ ಎಲ್ಲ ನೋಡಿಯೇ ಹಣ ಕೊಟ್ಟದ್ದು. ನನ್ನದು ಎರಡು ಷರತ್ತು. ಹಿಂದೆ ಮನುಷ್ಯರು ಹತ್ತಕೂಡದು, ಮಕ್ಕಳಂತೂ ಬೀದಿಯ ತುದಿಯವರೆಗೂ ಕೂಡದು. ಗಾಡಿ ದುಡಿದ ಹಣದಲ್ಲಿ ದಿನಕ್ಕೆ 250 ರೂಪಾಯಿ ಬೇರೆ ಡಬ್ಬಕ್ಕೆ ಬೀಳಬೇಕು, ಅದು ಮನೆಯ ಹೆಂಗಸರ, ಮುದುಕರ ಪ್ರಯಾಣದ ಹಣ. ಮಾವನವರು ತಮ್ಮ ಲೆಕ್ಕದ ಪುಸ್ತಕದಲ್ಲಿ ಸೌದೆಯ ಖರ್ಚಿನ ಕೆಳಗೆ ಅದಕ್ಕೂ ಒಂದು ಸಾಲು ಬರೆದುಕೊಂಡರು. ಮೈದುನ ಮೊದಲ ತಿಂಗಳು ಗೊಣಗಿದ. ಮಾವಿನ ಕಾಲ ಬಂದಾಗ ಗೆಳೆಯನ ಪಿಕಪ್ಪಿನಲ್ಲಿ ಪಾಲಿಗೆ ಓಡಿಸಿದ. ಕೆಲವು ದಿನ ಡಬ್ಬಕ್ಕೆ ಏನೂ ಬೀಳುವುದಿಲ್ಲ, ಗೂಡಿನ ಬೆಲೆ ಏರಿದ ವಾರ ಅಂತೂ ಇಲ್ಲವೇ ಇಲ್ಲ. ಮುಂದಿನ ವಾರ ಕೇಳಿ ಹಾಕಿಸುತ್ತೇನೆ.

ಹೋದ ಶಅಬಾನ್‌ನಲ್ಲಿ ತವರಿನ ಕಡೆ ಮತ್ತೊಂದು ನಿಕಾಹ್ ಇತ್ತು. ಡಬ್ಬದ ಹಣದಲ್ಲಿ ಹದಿನೇಳು ಸೀಟಿನ ಟೆಂಪೋ ಟ್ರಾವೆಲರ್ ಮಾಡಿಸಿದೆವು. ನಮ್ಮ ಏಸ್‌ನಲ್ಲಿ ಬಿರಿಯಾನಿಯ ಡೇಗುಗಳು, ನೀರಿನ ಡ್ರಮ್ಮು, ಶಾಮಿಯಾನದ ಕೋಲುಗಳು. ಚಿಕ್ಕಮ್ಮ ಟ್ರಾವೆಲರ್‌ನಲ್ಲಿ ಕಿಟಕಿಯ ಪಕ್ಕ ಕೂತು, "ಇದರ ಬಾಡಿಗೆ ಎಷ್ಟಾಯ್ತೇ?" ಎಂದು ಕೇಳಿದರು. ಹೇಳಿದೆ. ಜಾಸ್ತಿಯಾಯಿತು ಎಂದರು, ತಿರುಗಿ ಬರುವಾಗ ಅದೇ ಸೀಟನ್ನು ಹಿಡಿದರು.